ಅಮ್ಮನ ಸೊಂಟದ ಬರ್ಸೈಟಿಸ್‌ಗೆ ರೆಡ್ ಲೈಟ್ ಪ್ಯಾನೆಲ್ ತಗೊಳ್ಳಬಹುದಾ?

ಎರಡನೇ ಮಹಡಿ
ಅಮ್ಮನಿಗೆ 61. ಮೂರು ತಿಂಗಳಿಂದ ಬಲಗಡೆ ಸೊಂಟದ ಪಕ್ಕ, ತೊಡೆ ಶುರುವಾಗುವ ಕಡೆ ಮೂಳೆ ಕೈಗೆ ಸಿಗುತ್ತದಲ್ಲ, ಅಲ್ಲೇ ನೋವು. ಬಲಮಗ್ಗುಲಾಗಿ ಮಲಗಲು ಆಗುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ, ಗಾಂಧಿ ಬಜಾರಿನಿಂದ ಹೂವು ತರಕಾರಿ ಹಿಡಿದು ಮೇಲೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಾರೆ. ಮೂಳೆ ಡಾಕ್ಟರು ಒತ್ತಿ ನೋಡಿ, ಎಕ್ಸ್‌ರೇನೂ ತೆಗೆಸಿ, ಬರ್ಸೈಟಿಸ್, ಅಂದರೆ ಮೂಳೆ ಪಕ್ಕದ ದ್ರವದ ಚೀಲದ ಉರಿಯೂತ, ಅಂದರು. ಮಾತ್ರೆ ಕೊಟ್ಟರು. ಕಡಿಮೆಯಾಗದಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಅಂದಿದ್ದೇ ತಡ, ಅಮ್ಮ ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

ಈಗ ಕೆಳಗಿನ ಮನೆ ಆಂಟಿ ರೆಡ್ ಲೈಟ್ ಪ್ಯಾನೆಲ್ ಅಂತ, ನೋವಿನ ಜಾಗಕ್ಕೆ ಕೆಂಪು ಬೆಳಕು ಬಿಡುವ ಎಲ್‌ಇಡಿ ದೀಪಗಳ ಹಲಗೆ, ಒಂದು ತರಿಸಿ ಮಂಡಿಗೆ ಹಿಡಿದುಕೊಂಡು ಕೂರುತ್ತಾರೆ, ಹದಿನೈದು ದಿನದಲ್ಲಿ ನೋವೇ ಇಲ್ಲ ಅಂತಾರೆ. ಅಮ್ಮನಿಗೂ ಅದೇ ಬೇಕಂತೆ. ಬೆಲೆ ನೋಡಿದರೆ ತಲೆ ತಿರುಗುತ್ತದೆ. ಮನೆಯಲ್ಲಿ ಉಪಯೋಗಿಸಿದವರು ಯಾರಾದರೂ ಇದ್ದೀರಾ?

ಮೊಣಕೈ ಕುಮಾರ
ನನಗೆ ಆಗಿದ್ದು ಮೊಣಕೈಗೆ. ವರ್ಕ್ ಫ್ರಂ ಹೋಂ ಅಂತ ಊಟದ ಮೇಜಿನ ಮೇಲೆ ಮೊಣಕೈ ಊರಿ ಊರಿ, ತುದಿಯಲ್ಲಿ ನಿಂಬೆಹಣ್ಣಿನಷ್ಟು ಊತ ಬಂತು. ಚಿಕ್ಕ ಪ್ಯಾನೆಲ್ ತಗೊಂಡು ಆರು ವಾರ ದಿನಾ ಬೆಳಕು ಬಿಟ್ಟೆ. ಊತ ಇಳಿಯಿತು. ಆದರೆ ಅದೇ ಆರು ವಾರ ಮೊಣಕೈ ಊರುವುದನ್ನೂ ಬಿಟ್ಟಿದ್ದೆ, ಐಸ್ ಕೂಡ ಇಟ್ಟಿದ್ದೆ. ಯಾವುದರಿಂದ ವಾಸಿ ಆಯಿತು ಅಂತ ದೇವರಾಣೆಗೂ ಗೊತ್ತಿಲ್ಲ. ಹೆಂಡತಿ ಮಾತ್ರ ದುಡ್ಡು ದಂಡ ಅಂತಾಳೆ.

ಫಿಜಿಯೋ ಪದ್ಮ
ಫಿಜಿಯೋಥೆರಪಿ ನನ್ನ ಕೆಲಸ, ಪ್ಯಾನೆಲ್ ಮಾರುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬರ್ಸಾ ಅಂದರೆ ಮೂಳೆಗೂ ಸ್ನಾಯುವಿಗೂ ನಡುವೆ ಉಜ್ಜಾಟ ಆಗದ ಹಾಗೆ ಇರುವ ತೆಳ್ಳನೆಯ ದ್ರವದ ಚೀಲ. ಮೊಣಕೈಯಲ್ಲಿ, ಮಂಡಿಚಿಪ್ಪಿನ ಮುಂದೆ ಅದು ಚರ್ಮದ ಕೆಳಗೇ ಇರುತ್ತದೆ. ಸೊಂಟದ ಪಕ್ಕದ್ದು ಹಾಗಲ್ಲ, ಮೇಲೆ ಕೊಬ್ಬು, ಸ್ನಾಯು ಎಲ್ಲ ಇದೆ. 630ರಿಂದ 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲ. 810ರಿಂದ 850ರ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಇನ್ನೂ ಸ್ವಲ್ಪ ಒಳಗೆ ಹೋಗುತ್ತದೆ, ಆದರೂ ತಲುಪುವುದು ತುಂಬಾ ಕಡಿಮೆ. ಹಾಗಾಗಿ ಆಂಟಿಯ ಮಂಡಿಯ ಕಥೆ ನಿಮ್ಮ ಅಮ್ಮನ ಸೊಂಟಕ್ಕೆ ಹೊಂದುವುದಿಲ್ಲ.

ತಗೊಂಡೇ ತಗೊಳ್ಳುತ್ತೇವೆ ಅನ್ನುವುದಾದರೆ ಎರಡೂ ಬೆಳಕು ಇರುವುದನ್ನು ನೋಡಿ. ಒಂದು ಚದರ ಸೆಂಟಿಮೀಟರಿಗೆ ಎಷ್ಟು ಮಿಲಿವ್ಯಾಟ್, ಅದನ್ನು ಎಷ್ಟು ದೂರದಲ್ಲಿ ಅಳೆದಿದ್ದಾರೆ, ಇವೆರಡು ಬರೆದಿಲ್ಲದಿದ್ದರೆ ಬಿಟ್ಟುಬಿಡಿ. ಒಂದು ಚದರ ಸೆಂಟಿಮೀಟರಿಗೆ 50 ಮಿಲಿವ್ಯಾಟ್ ಬಿದ್ದರೆ 2 ನಿಮಿಷಕ್ಕೆ 6 ಜೌಲ್ ಆಗುತ್ತದೆ, ಅದೇ ಡೋಸ್. ದೂರ ಹಿಡಿದಷ್ಟೂ ಕಡಿಮೆ. ಸೀರೆ, ನೈಟಿ ಮೇಲಿಂದ ಹಿಡಿದರೆ ಪ್ರಯೋಜನ ಇಲ್ಲ. ಹೆಚ್ಚು ಹೊತ್ತು ಹಿಡಿದರೆ ಬೇಗ ವಾಸಿ ಅನ್ನುವುದೂ ಸುಳ್ಳು, ಡೋಸ್ ಜಾಸ್ತಿಯಾದರೆ ಪರಿಣಾಮ ಇಳಿಯಬಹುದು. ಕಣ್ಣಿಗೆ ಬೆಳಕು ಬೀಳದಿರಲಿ. ಡಾಕ್ಸಿಸೈಕ್ಲಿನ್ ಥರದ, ಬಿಸಿಲಿಗೆ ಚರ್ಮ ಸುಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಮುಖ್ಯವಾದದ್ದು ಬೇರೆ ಇದೆ. ಈ ಜಾಗದ ನೋವಿಗೆ ಬರ್ಸೈಟಿಸ್ ಅಂತ ಹೆಸರಿಟ್ಟರೂ, ಹೆಚ್ಚಿನವರಲ್ಲಿ ತೊಂದರೆ ಇರುವುದು ಪೃಷ್ಠದ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ನಲ್ಲಿ. ಅದಕ್ಕೆ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು, ಅದನ್ನು ಫಿಜಿಯೋ ಹತ್ತಿರ ಹೋಗಿ ಕಲಿಯಲಿ. ಎಡಮಗ್ಗುಲಾಗಿ ಮಲಗುವಾಗ ಎರಡು ಮಂಡಿ ನಡುವೆ ದಪ್ಪ ದಿಂಬು. ಕಾಲ ಮೇಲೆ ಕಾಲು ಹಾಕಿ ಕೂರಬಾರದು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ಸೊಂಟ ವಾಲಿಸಿಕೊಂಡು ಅಡುಗೆ ಮಾಡುವುದೂ ಬೇಡ.

ವಿಜಯನಗರ ವಾಸಿ
ಒಂದು ಗೊಂದಲ ಬಗೆಹರಿಸಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸಿಗುವ 150 ವ್ಯಾಟಿನ ಕೆಂಪು ಬಲ್ಬ್ ಇದೆಯಲ್ಲ, ಅದು ಶಾಖ ಕೊಡುವ ದೀಪ, ಎಲ್‌ಇಡಿ ಪ್ಯಾನೆಲ್ ಬೇರೆ. ಎರಡೂ ಕೆಂಪಗಿದೆ ಅಂತ ನಾವು ಅದನ್ನೇ ತಂದು ಅಜ್ಜಿಯ ಮಂಡಿಗೆ ಹತ್ತಿರ ಇಟ್ಟೆವು. ಅಜ್ಜಿಗೆ ಶುಗರ್, ಕಾಲಿನಲ್ಲಿ ಸ್ಪರ್ಶ ಕಡಿಮೆ, ಬಿಸಿ ಗೊತ್ತೇ ಆಗಲಿಲ್ಲ. ಬೊಬ್ಬೆ ಎದ್ದು ಗಾಯ ಮಾಯಲು ತಿಂಗಳು ಹಿಡಿಯಿತು. ಇಂದಿಗೂ ಅಮ್ಮ ನನ್ನನ್ನು ಬೈಯುತ್ತಾರೆ.

ಇನ್ನೊಂದು, ಪ್ಯಾನೆಲ್‌ನ ಇನ್‌ಫ್ರಾರೆಡ್ ಎಲ್‌ಇಡಿ ಕಣ್ಣಿಗೆ ಆರಿದ ಹಾಗೆ ಕಾಣುತ್ತದೆ. ಅರ್ಧ ಬಲ್ಬ್ ಹೋಗಿದೆ ಅಂತ ವಾಪಸ್ ಕಳಿಸುವ ಮೊದಲು ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಸಾಮಾನ್ಯವಾಗಿ ನೇರಳೆ ಬಣ್ಣ ಕಾಣುತ್ತದೆ.

ಮೊಣಕೈ ಕುಮಾರ
ಹಾಂ, ಮರೆತಿದ್ದೆ. ಊತದ ಜಾಗ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಲೈಟು ಗೀಟು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಒಳಗೆ ಕೀವು ಆಗಿರಬಹುದು ಅಂತ ನನಗೂ ಸೂಜಿ ಹಾಕಿ ದ್ರವ ತೆಗೆದು ಪರೀಕ್ಷೆ ಮಾಡಿದ್ದರು.

ಎರಡನೇ ಮಹಡಿ
ಎಲ್ಲರಿಗೂ ಥ್ಯಾಂಕ್ಸ್. ಜ್ವರ, ಕೆಂಪು ಏನೂ ಇಲ್ಲ. ಸೋಮವಾರ ಫಿಜಿಯೋ ಅಪಾಯಿಂಟ್‌ಮೆಂಟ್ ತಗೊಂಡೆ. ಪ್ಯಾನೆಲ್ ಸದ್ಯಕ್ಕೆ ಆಂಟಿ ಹತ್ತಿರವೇ ಕೇಳಿ ತರುತ್ತೇನೆ, ಅಮ್ಮನ ಸಮಾಧಾನಕ್ಕೆ. ಪದ್ಮ ಮೇಡಂ ಬರೆದದ್ದನ್ನು ಜೋರಾಗಿ ಓದಿ ಹೇಳಿದೆ. ಅಮ್ಮ ಸೋಫಾ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡೇ ಪೂರ್ತಿ ಕೇಳಿಸಿಕೊಂಡರು.