ಬಾಂಬ್ ಮಾಡಿದ ವಿಜ್ಞಾನಿಗಳದ್ದು ತಪ್ಪಾ? ಮಕ್ಕಳಿಗೆ ಏನು ಹೇಳಲಿ?

ಪ್ರಶ್ನೆ | ಪಿಯು ಫಿಸಿಕ್ಸ್, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಕಳೆದ ವಾರ ನ್ಯೂಕ್ಲಿಯೈ ಪಾಠ ಮಾಡುವಾಗ ಹಿರೋಷಿಮಾ ಬಾಂಬಿನ ಲೆಕ್ಕ ಹಾಕಿಸಿದೆ. ಅದರಲ್ಲಿ ಸುಮಾರು 64 ಕೆ.ಜಿ. ಯುರೇನಿಯಂ ಇತ್ತು, ಆದರೆ ನಿಜವಾಗಿ ವಿದಳನವಾದದ್ದು, ಅಂದರೆ ಪರಮಾಣು ಬೀಜ ಒಡೆದು ಶಕ್ತಿ ಕೊಟ್ಟದ್ದು, ಒಂದು ಕೆ.ಜಿ.ಗಿಂತ ಕಡಿಮೆ. ಅಷ್ಟಕ್ಕೇ ಒಂದು ಊರು ಹೋಯಿತು ಅಂದೆ. ಆಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಈ ಲೆಕ್ಕ ಅವರೂ ಮೊದಲೇ ಹಾಕಿರ್ತಾರೆ ಅಲ್ವಾ? ಗೊತ್ತಿದ್ದೂ ಯಾಕೆ ಮಾಡಿದರು?" ಅಂತ ಕೇಳಿದಳು. ಕ್ಲಾಸಿನಲ್ಲಿ ಎರಡು ಗುಂಪಾಯಿತು. ಯುದ್ಧ ನಿಂತಿದ್ದೇ ಅದರಿಂದ ಅಂತ ಕೆಲವರು, ಅದು ಕೊಲೆ ಅಂತ ಕೆಲವರು. ಅಷ್ಟರಲ್ಲಿ ಬೆಲ್ ಆಯಿತು.

"ವಿಜ್ಞಾನದಲ್ಲಿ ತಪ್ಪಿಲ್ಲ, ಬಳಸುವವರಲ್ಲಿ ಇದೆ" ಅಂತ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಮಕ್ಕಳಿಗೆ ಅದು ಸಾಲುವುದಿಲ್ಲ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಉತ್ತರ | ಇತಿಹಾಸಪ್ರಿಯ, ಧಾರವಾಡ

ಮೇಡಂ, ಮೊದಲು ಆ ಕಾಲದ ಪರಿಸ್ಥಿತಿ ಹೇಳಿ. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನ ಒಕಿನಾವಾ ದ್ವೀಪದಲ್ಲಿ ಭೀಕರ ಕದನ ನಡೆದಿತ್ತು. ನವೆಂಬರ್ 1ಕ್ಕೆ ಕ್ಯೂಶೂ ದ್ವೀಪದ ಮೇಲೆ ಇಳಿಯಲು ಅಮೆರಿಕ ತಯಾರಿ ನಡೆಸಿತ್ತು. ಅದು ನಡೆದಿದ್ದರೆ ಎರಡೂ ಕಡೆ ಎಷ್ಟು ಜನ ಸಾಯುತ್ತಿದ್ದರೋ. ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ಟೋಕಿಯೋ ಮೇಲೆ ಬೆಂಕಿ ಬಾಂಬ್ ಹಾಕಿದಾಗ ಒಂದೇ ರಾತ್ರಿಗೆ ಸುಮಾರು 1 ಲಕ್ಷ ಜನ ಸತ್ತಿದ್ದರು. ಊರಿಗೆ ಊರನ್ನೇ ಸುಡುವುದು ಆಗಲೇ ಶುರುವಾಗಿತ್ತು. ಜಪಾನ್ ಸೋಲೊಪ್ಪಿದ್ದು ಬಾಂಬಿನಿಂದಲೋ, ಆಗಸ್ಟ್ 9ಕ್ಕೆ ಸೋವಿಯತ್ ಸೇನೆ ಜಪಾನಿನ ಹಿಡಿತದಲ್ಲಿದ್ದ ಮಂಚೂರಿಯಾಕ್ಕೆ ನುಗ್ಗಿದ್ದರಿಂದಲೋ ಎಂದು ಇತಿಹಾಸಕಾರರು ಇವತ್ತಿಗೂ ವಾದ ಮಾಡುತ್ತಾರೆ. ಏನೇ ಇರಲಿ, ತೀರ್ಮಾನ ತೆಗೆದುಕೊಂಡದ್ದು ಅಮೆರಿಕದ ಅಧ್ಯಕ್ಷ ಟ್ರೂಮನ್. ವಿಜ್ಞಾನಿಗಳ ಮೇಲೆ ಹೊರಿಸುವುದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಉತ್ತರ | ನಿವೃತ್ತ ಮೆಡಿಕಲ್ ಫಿಸಿಸಿಸ್ಟ್, ಮೈಸೂರು

ಮೇಡಂ, ಕ್ಯಾನ್ಸರ್ ರೋಗಿಗೆ ಎಷ್ಟು ವಿಕಿರಣ ಕೊಡಬೇಕು, ಪಕ್ಕದ ಅಂಗಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ನಿಮ್ಮ ಹುಡುಗಿಯ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದವರು ಜೋಸೆಫ್ ರಾಟ್‌ಬ್ಲಾಟ್. ಮಕ್ಕಳಿಗೆ ಓಪನ್‌ಹೈಮರ್ ಹೆಸರು ಗೊತ್ತಿರುತ್ತದೆ. ಇವರ ಹೆಸರನ್ನೂ ಹೇಳಿ.

ರಾಟ್‌ಬ್ಲಾಟ್ ಪೋಲೆಂಡಿನವರು. 1939ರಲ್ಲಿ ಕೆಲಸಕ್ಕೆಂದು ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹೋದರು. ಹೆಂಡತಿ ಟೋಲಾಗೆ ಅಪೆಂಡಿಸೈಟಿಸ್ ಆಗಿತ್ತು, ಸ್ವಲ್ಪ ಸುಧಾರಿಸಿಕೊಂಡು ಬರುತ್ತೇನೆ ಅಂತ ಪೋಲೆಂಡಿನಲ್ಲೇ ಉಳಿದರು. ಸೆಪ್ಟೆಂಬರ್ 1ಕ್ಕೆ ಹಿಟ್ಲರನ ಸೇನೆ ಒಳಗೆ ನುಗ್ಗಿತು. ಗಂಡ ಹೆಂಡತಿ ಮತ್ತೆ ಭೇಟಿಯಾಗಲೇ ಇಲ್ಲ. ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡದಲ್ಲಿ ಟೋಲಾ ಸತ್ತರು. ಇಂಥ ಮನುಷ್ಯ ಬಾಂಬಿನ ಕೆಲಸಕ್ಕೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ. ಹಿಟ್ಲರನ ಕೈಗೆ ಬಾಂಬ್ ಸಿಕ್ಕರೆ, ಅದನ್ನು ತಡೆಯಲು ನಮ್ಮ ಹತ್ತಿರವೂ ಇರಬೇಕು ಅನ್ನುವುದು ಅವರ ಕಾರಣ. ಆ ಕಾರಣವನ್ನು ನಾನು ಪೂರ್ತಿ ಒಪ್ಪುತ್ತೇನೆ. 1944ರ ಆರಂಭದಲ್ಲಿ ಅಮೆರಿಕದ ಬಾಂಬ್ ಯೋಜನೆಯ ಪ್ರಯೋಗಾಲಯವಿದ್ದ ಲಾಸ್ ಅಲಮೋಸ್‌ಗೆ ಹೋದರು.

ಆ ವರ್ಷದ ಕೊನೆಗೆ ಜರ್ಮನಿ ಬಾಂಬ್ ಮಾಡುತ್ತಿಲ್ಲ ಅನ್ನುವುದು ಖಚಿತವಾಯಿತು. ರಾಟ್‌ಬ್ಲಾಟ್ ಕೆಲಸ ಬಿಟ್ಟು ಹೊರಟರು. ಬಂದ ಕಾರಣವೇ ಹೋಯಿತು, ಇನ್ನು ಇಲ್ಲಿ ಯಾಕಿರಲಿ ಅಂತ. ಗೂಢಚಾರ ಇರಬಹುದು ಅಂತ ಅವರ ಮೇಲೆ ಅನುಮಾನ ಬಂತು. ಬಿಟ್ಟ ಕಾರಣವನ್ನು ಜೊತೆಯವರಿಗೆ ಹೇಳಬಾರದು ಅಂತ ಕಟ್ಟುಪಾಡು ಹಾಕಿದರು. ನೈತಿಕ ಕಾರಣಕ್ಕೆ ಆ ಯೋಜನೆಯನ್ನು ಅರ್ಧಕ್ಕೆ ಬಿಟ್ಟ ವಿಜ್ಞಾನಿ ಅವರೊಬ್ಬರೇ.

ಉಳಿದವರು ಮುಂದುವರಿಸಿದರು. 1945ರ ಮೇ 8ಕ್ಕೆ ಜರ್ಮನಿ ಶರಣಾಯಿತು, ಆದರೂ ಕೆಲಸ ಇನ್ನಷ್ಟು ಜೋರಾಯಿತು. ನಾನು ತಪ್ಪು ಅನ್ನುವುದು ಇಲ್ಲಿಂದ ಮುಂದಿನದನ್ನು. ಶುರು ಮಾಡಿದ್ದಕ್ಕೆ ಅವರನ್ನು ದೂರಲಾರೆ. ಶುರು ಮಾಡಿದ ಕಾರಣ ಇಲ್ಲವಾದ ಮೇಲೂ ಅಷ್ಟು ಬುದ್ಧಿವಂತರು ಒಮ್ಮೆ ನಿಂತು ಕೇಳಿಕೊಳ್ಳಲಿಲ್ಲವಲ್ಲ ಅನ್ನುವುದೇ ನನ್ನ ನೋವು. ಕೇಳಿದವರು ಇರಲೇ ಇಲ್ಲ ಅಂತಲ್ಲ. ಜೂನ್ 11ಕ್ಕೆ ಶಿಕಾಗೋದಲ್ಲಿ ಇದೇ ಯೋಜನೆಯ ವಿಜ್ಞಾನಿ ಜೇಮ್ಸ್ ಫ್ರಾಂಕ್ ಮತ್ತು ಅವರ ಆರು ಜನ ಸಂಗಡಿಗರು ಒಂದು ವರದಿ ಕೊಟ್ಟರು: ಬಾಂಬನ್ನು ಊರಿನ ಮೇಲೆ ಹಾಕಬೇಡಿ, ಮರುಭೂಮಿಯಲ್ಲೋ ಜನವಿಲ್ಲದ ದ್ವೀಪದಲ್ಲೋ ಸಿಡಿಸಿ ತೋರಿಸಿ ಅಂತ. ಐದು ದಿನ ಬಿಟ್ಟು ಓಪನ್‌ಹೈಮರ್, ಫರ್ಮಿ, ಲಾರೆನ್ಸ್, ಕಾಂಪ್ಟನ್ ಎಂಬ ವಿಜ್ಞಾನಿಗಳಿದ್ದ ಸಲಹಾ ಸಮಿತಿ, ಹಾಗೆ ತೋರಿಸಿದರೆ ಯುದ್ಧ ನಿಲ್ಲುವುದಿಲ್ಲ, ನೇರವಾಗಿ ಬಳಸದೆ ಬೇರೆ ದಾರಿ ಕಾಣುತ್ತಿಲ್ಲ ಅಂತ ಬರೆದುಕೊಟ್ಟಿತು. ಆದ್ದರಿಂದ ಧಾರವಾಡದ ಸರ್, ತೀರ್ಮಾನ ಟ್ರೂಮನ್‌ರದ್ದೇ ಇರಬಹುದು. ಆದರೆ ಸಲಹೆ ಕೇಳಿದಾಗ ವಿಜ್ಞಾನಿಗಳು ಸಲಹೆ ಕೊಟ್ಟಿದ್ದಾರೆ. ಅದರ ಹೊಣೆ ಅವರದ್ದೇ.

ಇನ್ನು ನನ್ನ ಕ್ಷೇತ್ರದ ಮಾತು. ನಾವು ರೋಗಿಗೆ ದಿನಕ್ಕೆ 2 ಗ್ರೇ (ದೇಹ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಕೊಡುತ್ತೇವೆ. ಗೆಡ್ಡೆ ಇರುವ ಜಾಗಕ್ಕೆ ಮಾತ್ರ, ವಾರಗಟ್ಟಲೆ, ಅಳೆದು ಅಳೆದು. ಒಟ್ಟು 60 ಗ್ರೇ ಆದರೂ ಮನುಷ್ಯ ನಡೆದುಕೊಂಡು ಮನೆಗೆ ಹೋಗುತ್ತಾನೆ. ಅದೇ ಇಡೀ ದೇಹಕ್ಕೆ ಒಂದೇ ಸಲ 4 ಗ್ರೇ ಬಿದ್ದರೆ, ಚಿಕಿತ್ಸೆ ಸಿಗದವರಲ್ಲಿ ಅರ್ಧದಷ್ಟು ಜನ ಸಾಯುತ್ತಾರೆ. ಹಿರೋಷಿಮಾದಲ್ಲಿ ಮೈಮೇಲೆ ಒಂದು ಗಾಯವೂ ಇಲ್ಲದವರು ವಾರಗಳ ನಂತರ ಕೂದಲು ಉದುರಿ, ಒಸಡಲ್ಲಿ ರಕ್ತ ಬಂದು ಸತ್ತರು. ಊರಿನ ವೈದ್ಯರಲ್ಲಿ ಹತ್ತಕ್ಕೆ ಒಂಬತ್ತು ಜನ ಮೊದಲ ದಿನವೇ ಸತ್ತಿದ್ದರು ಇಲ್ಲವೇ ಗಾಯಗೊಂಡಿದ್ದರು. ಆ ವರ್ಷದ ಕೊನೆಗೆ ಅಲ್ಲಿ ಸತ್ತವರು ಸುಮಾರು 1,40,000. ಹೀಗಿರುವಾಗ ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ನವೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ, ವಿಕಿರಣದಿಂದ ಬರುವ ಸಾವು ಬಹಳ ಹಿತವಾದದ್ದಂತೆ ಅಂದರು. ನನಗೆ ಇವತ್ತಿಗೂ ಅದನ್ನು ಓದಿದರೆ ಕೋಪ ಬರುತ್ತದೆ.

ಅಮೆರಿಕ 1947ರಲ್ಲಿ ಅಲ್ಲಿ ಒಂದು ಅಧ್ಯಯನ ಸಂಸ್ಥೆ ಶುರು ಮಾಡಿತು. ಬದುಕುಳಿದವರನ್ನು ಕರೆಸಿ ಪರೀಕ್ಷೆ ಮಾಡುತ್ತಿದ್ದರು, ಚಿಕಿತ್ಸೆ ಕೊಡುತ್ತಿರಲಿಲ್ಲ. ಹೀಗೆ ಸಿಕ್ಕ ಮಾಹಿತಿಯೇ ಇವತ್ತಿನ ವಿಕಿರಣ ಸುರಕ್ಷತಾ ಮಿತಿಗಳಿಗೆ ದೊಡ್ಡ ಆಧಾರ. ಅಂಗಿಗೆ, ಮೈಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಕೆಲಸ ಮಾಡಿದವನು ನಾನು. ಮೈಗೆ ಬೀಳುವ ವಿಕಿರಣ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ವಿಕಿರಣದ ಅಪಾಯ ಅಳೆಯುವ ಮಾನ) ಮೀರಬಾರದು ಅನ್ನುವ ನಿಯಮ ನನ್ನನ್ನು ಕಾಪಾಡಿದೆ. ಅದಕ್ಕೆ ಬೆಲೆ ಕೊಟ್ಟವರು ಆ ಜನ. ಈ ಋಣ ನಮ್ಮ ವೃತ್ತಿಯ ಪ್ರತಿಯೊಬ್ಬರ ಮೇಲೂ ಇದೆ.

ಉತ್ತರ | ಎಂಜಿನಿಯರ್, ತುಮಕೂರು

ಸರ್, ಒಂದು ಮಾತು. ರಾಟ್‌ಬ್ಲಾಟ್ ಬಿಟ್ಟು ಹೋದರು, ಸರಿ. ಅದರಿಂದ ಬಾಂಬ್ ಒಂದು ದಿನವಾದರೂ ತಡವಾಯಿತಾ? ಒಬ್ಬರು ಬಿಟ್ಟರೆ ಇನ್ನೊಬ್ಬರು ಮಾಡುತ್ತಾರೆ. ಇನ್ನೊಂದು, ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ರಾಜಾ ರಾಮಣ್ಣನವರು 1974ರ ಮೇ 18ರ ಪೋಖ್ರಾನ್ ಪರೀಕ್ಷೆಯ ಮುಂದಾಳು. ಚೀನಾ 1964ರಲ್ಲೇ ಬಾಂಬ್ ಸಿಡಿಸಿತ್ತು. ನಾವು ಸುಮ್ನೆ ಕೂರಬೇಕಿತ್ತಾ? ಅವರನ್ನೂ ಈ ತಕ್ಕಡಿಯಲ್ಲಿ ತೂಗುತ್ತೀರಾ?

ಉತ್ತರ | ನಿವೃತ್ತ ಮೆಡಿಕಲ್ ಫಿಸಿಸಿಸ್ಟ್, ಮೈಸೂರು

ತಡವಾಗಲಿಲ್ಲ, ನಿಜ. ಆದರೆ ಬಿಟ್ಟ ಮೇಲೆ ಅವರು ಏನು ಮಾಡಿದರು ನೋಡಿ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಗೆ ಸೇರಿ ವಿಕಿರಣದ ವೈದ್ಯಕೀಯ ಬಳಕೆಗೆ ತಿರುಗಿದರು. 1954ರ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ 15 ಮೆಗಾಟನ್ ಬಾಂಬ್ ಸಿಡಿಸಿದಾಗ ಜಪಾನಿನ ಮೀನುಗಾರರ ದೋಣಿಯ ಮೇಲೆ ಬೂದಿ ಸುರಿಯಿತು. ಆ ಬಾಂಬಿನಿಂದ ಹರಡಿದ ವಿಕಿರಣ ಸರ್ಕಾರ ಹೇಳುತ್ತಿದ್ದುದಕ್ಕಿಂತ ಎಷ್ಟೋ ಜಾಸ್ತಿ ಅಂತ ಲೆಕ್ಕ ಹಾಕಿ ತೋರಿಸಿದವರು ಇದೇ ರಾಟ್‌ಬ್ಲಾಟ್. 1957ರಲ್ಲಿ ಪಗ್‌ವಾಶ್ ಸಮ್ಮೇಳನ ಶುರು ಮಾಡಿ ಅಮೆರಿಕ, ಸೋವಿಯತ್ ಎರಡೂ ಬಣಗಳ ವಿಜ್ಞಾನಿಗಳನ್ನು ಒಂದೇ ಮೇಜಿಗೆ ಕರೆತಂದರು. ಅದಕ್ಕೇ 1995ರಲ್ಲಿ ಶಾಂತಿ ನೊಬೆಲ್ ಬಂತು. ಒಳಗಿನ ವಿಷಯ ಗೊತ್ತಿದ್ದವರೊಬ್ಬರು ಹೊರಗೆ ಬಂದು ಮಾತಾಡಿದ್ದು ಸಣ್ಣ ಸಂಗತಿಯಲ್ಲ.

ರಾಮಣ್ಣನವರ ವಿದ್ವತ್ತಿನ ಬಗ್ಗೆ ನನಗೆ ತುಂಬಾ ಗೌರವ ಇದೆ. ಚೀನಾದ ಭಯವೂ ನಿಜವಾದದ್ದೇ. ಆದರೂ ಹೌದು, ಅವರನ್ನೂ ಅದೇ ಪ್ರಶ್ನೆ ಕೇಳುತ್ತೇನೆ. ನಮ್ಮವರು ಅಂತ ಬಿಡಲಾರೆ. 1998ರ ಮೇ ತಿಂಗಳಲ್ಲಿ ನಾವು ಸಿಡಿಸಿದೆವು, ಅದೇ ತಿಂಗಳ ಕೊನೆಗೆ ಪಾಕಿಸ್ತಾನವೂ ಸಿಡಿಸಿತು. ಮೊದಲು ನಾವು ಬಳಸುವುದಿಲ್ಲ ಅನ್ನುವ ನಮ್ಮ ನೀತಿ ಒಳ್ಳೆಯದು, ಅದನ್ನು ಯಾರೂ ಸಡಿಲ ಮಾಡಬಾರದು. ಆದರೆ ಒಂದು ದೊಡ್ಡ ಊರಿನ ಮೇಲೆ ಇದು ಬಿದ್ದರೆ ನಮ್ಮ ಯಾವ ಆಸ್ಪತ್ರೆಯಿಂದಲೂ ಏನೂ ಮಾಡಲಾಗದು. ಆಸ್ಪತ್ರೆಯ ಒಳಗೆ ಕೆಲಸ ಮಾಡಿದವನಾಗಿ ಹೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು | ಪಿಯು ಫಿಸಿಕ್ಸ್, ಹಾಸನ

ಎಲ್ಲರಿಗೂ ಧನ್ಯವಾದ. ಜೂನ್ 11ರ ವರದಿ, ಜೂನ್ 16ರ ಸಲಹೆ, ಎರಡನ್ನೂ ಮಕ್ಕಳ ಮುಂದೆ ಇಡುತ್ತೇನೆ. ನೀವಾಗಿದ್ದರೆ ಯಾವುದಕ್ಕೆ ಸಹಿ ಹಾಕುತ್ತಿದ್ದಿರಿ, ಯಾಕೆ ಅಂತ ಬರೆಸುತ್ತೇನೆ. ಮುಖ್ಯ ಭಾಗಗಳನ್ನು ನಾನೇ ಕನ್ನಡಕ್ಕೆ ಮಾಡಿಕೊಳ್ಳುತ್ತೇನೆ. ಮೈಸೂರಿನ ಸರ್, ಒಮ್ಮೆ ನೋಡಿಕೊಡುತ್ತೀರಾ?

ಉತ್ತರ | ನಿವೃತ್ತ ಮೆಡಿಕಲ್ ಫಿಸಿಸಿಸ್ಟ್, ಮೈಸೂರು

ಖಂಡಿತ ಕಳಿಸಿ ಮೇಡಂ. ಸಲಹಾ ಸಮಿತಿಯದ್ದು ಚಿಕ್ಕದು, ಪೂರ್ತಿ ಕೊಡಿ. ಫ್ರಾಂಕ್ ವರದಿಯಲ್ಲಿ ಮುಂದೆ ಶಸ್ತ್ರಾಸ್ತ್ರ ಪೈಪೋಟಿ ಶುರುವಾಗುತ್ತದೆ ಅಂತ ಎಚ್ಚರಿಸಿದ ಭಾಗವನ್ನು ಬಿಡಬೇಡಿ.