ಸಹಾಯ ಬೇಕು: ಡಬಲ್ ಕ್ಲಿಕ್ ಮಾಡಿದ್ರೆ ಸಿಂಗಲ್ ಕ್ಲಿಕ್ ಕೋಡೂ ಓಡುತ್ತೆ

ಜಾವಾ ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಎಲ್ಲಾ ಮಾಡೋ ಜಾವಾ ಲೈಬ್ರರಿ) ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡ್ತಿದ್ದೀನಿ. ಪಟ್ಟಿಯಲ್ಲಿರೋ ಫೈಲ್ ಮೇಲೆ ಒಂದು ಸಲ ಕ್ಲಿಕ್ ಮಾಡಿದ್ರೆ ಪಕ್ಕದಲ್ಲಿ ಪ್ರಿವ್ಯೂ ಬರಬೇಕು, ಡಬಲ್ ಕ್ಲಿಕ್‌ಗೆ ಫೈಲೇ ತೆರೀಬೇಕು. ಆದ್ರೆ ಡಬಲ್ ಕ್ಲಿಕ್ ಮಾಡಿದಾಗ ಮೌಸ್‌ಕ್ಲಿಕ್ಡ್ ಈವೆಂಟ್ (ಕ್ಲಿಕ್ ಆಯ್ತು ಅನ್ನೋ ಸೂಚನೆ) ಎರಡು ಸಲ ಬರುತ್ತೆ: ಮೊದಲು ಕ್ಲಿಕ್ ಕೌಂಟ್ 1, ಆಮೇಲೆ 2. ಫೈಲ್ ದೊಡ್ಡದಿದ್ರಂತೂ ಬೇಡದ ಪ್ರಿವ್ಯೂ ಲೋಡ್ ಆಗೋವರೆಗೂ ಕಾಯಬೇಕು.

ಕೌಂಟ್ 1 ಬಂದಾಗ ಟೈಮರ್ ಶುರು ಮಾಡಿ, ಅದು ಮುಗಿದ ಮೇಲಷ್ಟೇ ಪ್ರಿವ್ಯೂ ತೋರಿಸೋ ಹಾಗೆ, ಅಷ್ಟರಲ್ಲಿ 2 ಬಂದ್ರೆ ಟೈಮರ್ ನಿಲ್ಲಿಸೋ ಹಾಗೆ ಮಾಡಿ ನೋಡಿದೆ. 500 ಮಿಲಿಸೆಕೆಂಡ್ ಇಟ್ರೆ ಪ್ರಿವ್ಯೂ ತೀರಾ ನಿಧಾನ; 200ಕ್ಕೆ ಇಳಿಸಿದ್ರೆ ನಿಧಾನವಾಗಿ ಒತ್ತೋರಿಗೆ ಮತ್ತೆ ಎರಡೂ ಓಡುತ್ತೆ. ಸಾಲದ್ದಕ್ಕೆ ಎರಡು ಕ್ಲಿಕ್ ಎಷ್ಟು ಹೊತ್ತಿನೊಳಗೆ ಬಂದ್ರೆ ಡಬಲ್ ಕ್ಲಿಕ್ ಅನ್ನೋ ಅವಧಿನ ವಿಂಡೋಸ್‌ನಲ್ಲಿ ಬಳಕೆದಾರರೇ ಬದಲಾಯಿಸ್ಕೋಬಹುದು.

ಬಳಕೆದಾರರು ಇಟ್ಟಿರೋ ಆ ಅವಧಿನ ಜಾವಾದಿಂದ ಓದಿ ಟೈಮರ್‌ಗೆ ಕೊಡೋದು ಹೇಗೆ? ಅಥವಾ ಟೈಮರೇ ಬೇಡದ ದಾರಿ ಏನಾದ್ರೂ ಇದ್ಯಾ?