ಕರೆಂಟ್ ಹೋದರೆ ಮಳೆ ಲೆಕ್ಕ ಮಾಯ: ರಾಸ್ಪ್‌ಬೆರಿ ಪೈ, ಫೈಲ್ ಸಮಸ್ಯೆ

ಆಗುಂಬೆ_ಮಳೆಲೆಕ್ಕ:
ಆಗುಂಬೆ ಹತ್ತಿರ ನಮ್ಮ ಮನೆ. ಅಂಗಳದ ಮಳೆಮಾಪಕವನ್ನು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಪೈಥಾನ್ ಪ್ರೋಗ್ರಾಂ ನಿಮಿಷಕ್ಕೊಂದು ಸಾಲು ಫೈಲಿಗೆ ಬರೆಯುತ್ತದೆ. ಮಳೆ ಜೋರಾದರೆ ಕರೆಂಟ್ ಹೋಗುತ್ತದೆ, ಗೊತ್ತಲ್ವಾ. ಮತ್ತೆ ಬಂದಾಗ ನೋಡಿದರೆ ಒಮ್ಮೆ ಮೂರು ಗಂಟೆ, ಒಮ್ಮೆ ಐದು ಗಂಟೆಯ ಲೆಕ್ಕ ಇರುವುದಿಲ್ಲ. ಯಾವ ಮಳೆ ಅಳೆಯಬೇಕೋ ಅದೇ ಕಳೆದುಹೋಗುತ್ತಿದೆ. ಎಸ್‌ಡಿ ಕಾರ್ಡ್ ಬದಲಿಸಿದೆ, ಹಾಗೇ ಇದೆ. ಪೈನ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ತಡವಾಗಿ ಬರೆಯುವುದೇ ಕಾರಣವಾ?

ಸಾಗರದ_ಪೆಂಗ್ವಿನ್:
ಲಿನಕ್ಸ್ ತಡ ಮಾಡುವುದು ನಿಜ, ಆದರೆ ಗಂಟೆಗಟ್ಟಲೆ ಅಲ್ಲ. ಬರೆದದ್ದನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಮೊದಲು ರ್‍ಯಾಮ್‌ನಲ್ಲಿ, ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕಾರ್ಡ್ ನಿಧಾನ, ಅದಕ್ಕೆ ಒಟ್ಟು ಮಾಡಿ ಬರೆಯುವುದು ಲಾಭ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 30 ಸೆಕೆಂಡ್ ಹಳತಾದ ಪೇಜುಗಳು (ಡೇಟಾ ತುಂಡುಗಳು) ಕಾರ್ಡಿಗೆ ಹೋಗುತ್ತವೆ.

ಒಂದು ಪರೀಕ್ಷೆ ಮಾಡಿ. ಕರೆಂಟ್ ಇರುವಾಗಲೇ ಇನ್ನೊಂದು ಟರ್ಮಿನಲ್‌ನಲ್ಲಿ ಆ ಫೈಲಿಗೆ ಟೇಲ್ ಕಮಾಂಡ್ ಕೊಡಿ, ಅದು ಕೊನೆಯ ಸಾಲುಗಳನ್ನು ತೋರಿಸುತ್ತದೆ. ಓದುವಾಗಲೂ ಕರ್ನಲ್ ಅದೇ ಪೇಜ್ ಕ್ಯಾಶ್‌ನಿಂದ ಕೊಡುತ್ತದೆ. ಹಾಗಾಗಿ ಕಾರ್ಡಿಗೆ ಹೋಗದ ಸಾಲೂ ಕಾಣಬೇಕು. ಕಾಣದಿದ್ದರೆ ಅದು ಕರ್ನಲ್‌ವರೆಗೆ ಬಂದೇ ಇಲ್ಲ.

ಆಗುಂಬೆ_ಮಳೆಲೆಕ್ಕ:
ನೋಡಿದೆ. ಈಗ ಮಧ್ಯಾಹ್ನ, ಫೈಲಿನ ಕೊನೆಯ ಸಾಲು ಬೆಳಿಗ್ಗೆಯದು!

ಸಾಗರದ_ಪೆಂಗ್ವಿನ್:
ಹಾಗಾದರೆ ಸಿಕ್ಕಿತು. ಸಾಲುಗಳು ಪೈಥಾನ್‌ನ ಸ್ವಂತ ಬಫರ್‌ನಲ್ಲೇ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲೇ ಕೂತಿವೆ. ಪ್ರತಿ ಸಲ ಕರ್ನಲ್ ಬಾಗಿಲು ತಟ್ಟುವುದು ದುಬಾರಿ ಅಂತ ಪೈಥಾನ್ ಸಾಮಾನ್ಯವಾಗಿ 8,192 ಬೈಟ್ ತುಂಬುವವರೆಗೆ ಕಾಯುತ್ತದೆ. ನಿಮ್ಮ ಸಾಲು 25 ಬೈಟ್ ಅಂದುಕೊಂಡರೆ ತುಂಬಲು ಐದು ಗಂಟೆಗೂ ಜಾಸ್ತಿ ಬೇಕು. ನಿಮ್ಮ ಲೆಕ್ಕಕ್ಕೆ ಸರಿಹೊಂದುತ್ತದೆ.

ಪ್ರತಿ ಸಾಲಿನ ನಂತರ ಎರಡು ಕೆಲಸ ಮಾಡಿಸಿ. ಮೊದಲು ಫೈಲಿನ ಫ್ಲಶ್, ಇದು ಸಾಲನ್ನು ಕರ್ನಲ್‌ಗೆ ಕೊಡುತ್ತದೆ. ಆಮೇಲೆ ಓಎಸ್ ಮಾಡ್ಯೂಲಿನ ಎಫ್‌ಸಿಂಕ್, ಇದು ಕಾರ್ಡಿಗೆ ಬರೆಸಿ ಮುಗಿಯುವವರೆಗೆ ಕಾಯುತ್ತದೆ. ಫ್ಲಶ್ ಒಂದೇ ಇದ್ದರೆ ಪ್ರೋಗ್ರಾಂ ಬಿದ್ದರೂ ಸಾಲು ಉಳಿಯುತ್ತದೆ, ಕರೆಂಟ್ ಹೋದರೆ ಉಳಿಯುವ ಖಾತ್ರಿ ಇಲ್ಲ. ಕ್ರಮ ತಿರುಗಿಸಬೇಡಿ. ಮೊದಲೇ ಎಫ್‌ಸಿಂಕ್ ಕರೆದರೆ ಕರ್ನಲ್ ಕೈಯಲ್ಲಿ ಬರೆಯಲು ಏನೂ ಇರುವುದಿಲ್ಲ.

ಹೊಸನಗರ_ಹವ್ಯಾಸಿ:
ಇದರಿಂದ ಕಾರ್ಡ್ ಬೇಗ ಸವೆಯುವುದಿಲ್ವಾ?

ಸಾಗರದ_ಪೆಂಗ್ವಿನ್:
ಸ್ವಲ್ಪ ಹೌದು. ಚಿಕ್ಕ ಸಾಲಿಗೂ ಕಾರ್ಡ್ ಒಳಗೆ ದೊಡ್ಡ ತುಂಡನ್ನೇ ಬರೆಯಬೇಕಾಗುತ್ತದೆ. ಆದರೂ ನಿಮಿಷಕ್ಕೊಮ್ಮೆ ಪರವಾಗಿಲ್ಲ. ಮಾಪಕದೊಳಗಿನ ಪುಟ್ಟ ಬಕೆಟ್ ತುಂಬಿ ಮಗುಚಿದಾಗಲೆಲ್ಲ ಎಫ್‌ಸಿಂಕ್ ಕರೆಯುವುದು ಮಾತ್ರ ಬೇಡ. ಆದರೆ ಚಿಕ್ಕ ಯುಪಿಎಸ್ ಒಂದು ಇಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕೆಲವು ಕಾರ್ಡ್‌ಗಳು ಹಳೆಯ ಡೇಟಾವನ್ನೂ ಕೆಡಿಸುತ್ತವೆ.

ಆಗುಂಬೆ_ಮಳೆಲೆಕ್ಕ:
ಫ್ಲಶ್, ಎಫ್‌ಸಿಂಕ್ ಎರಡೂ ಸೇರಿಸಿದೆ. ನಿನ್ನೆ ರಾತ್ರಿ ಕರೆಂಟ್ ಹೋಯಿತು, ಹೋದ ನಿಮಿಷದವರೆಗಿನ ಲೆಕ್ಕ ಸಿಕ್ಕಿತು. ತುಂಬಾ ಥ್ಯಾಂಕ್ಸ್. ಆದರೆ ಕರೆಂಟ್ ಬಂದ ಮೇಲಿನ ಕೆಲವು ಸಾಲುಗಳಲ್ಲಿ ಹಳೆಯ ಸಮಯ ಇದೆ.

ಸಾಗರದ_ಪೆಂಗ್ವಿನ್:
ಪೈ 4ರಲ್ಲಿ ಬ್ಯಾಟರಿ ಮೇಲೆ ನಡೆಯುವ ಗಡಿಯಾರ ಇಲ್ಲ. ನೆಟ್ ಸಿಗುವವರೆಗೆ ಅದಕ್ಕೆ ಸರಿ ಸಮಯ ಗೊತ್ತಾಗುವುದಿಲ್ಲ. ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಮಾಡ್ಯೂಲ್ ಹಾಕಿ, ಸರಿಯಾಗುತ್ತದೆ.